ಹೊಗೆಯ ಸಾಕ್ಷಿ: ಕಾರಿನ ಆಕ್ಸಿಜನ್ ಸೆನ್ಸರನ್ನು ಮನೆಯಲ್ಲಿಯೇ ಬದಲಿಸುವ ವಿಚಾರ

ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಆದುದರಿಂದ ಅಲ್ಲಿ ಬೆಂಕಿ ಇರಲೇಬೇಕು. ಭಾರತೀಯ ನ್ಯಾಯಶಾಸ್ತ್ರವನ್ನು ಓದತೊಡಗಿದವರಿಗೆ ಮೊಟ್ಟಮೊದಲು ಎದುರಾಗುವ ಉದಾಹರಣೆ ಇದು. ಇಂತಹ ತಿಳಿವಳಿಕೆಗೆ ಶಾಸ್ತ್ರದಲ್ಲಿ ‘ಅನುಮಾನ’ ಎಂದು ಹೆಸರು. ಬಳಕೆಯ ಮಾತಿನಲ್ಲಿ ಅನುಮಾನವೆಂದರೆ ಸಂಶಯ. ಶಾಸ್ತ್ರದಲ್ಲಿ ಕಂಡದ್ದರ ಬಲದಿಂದ ಕಾಣದ್ದನ್ನು ನಿಶ್ಚಯಿಸುವ ಕ್ರಮ. ಆದರೆ ನಮ್ಮ ಶಾಸ್ತ್ರಕಾರರು ಅಷ್ಟಕ್ಕೇ ನಿಲ್ಲಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದು ನಿಜವಾದರೂ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟು ಎಂಬ ತಿರುಗುಮಾತು ನಿಜವಲ್ಲವೆಂದು ಎಚ್ಚರಿಸಿದರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಸೌದೆ ಹಸಿಯಾಗಿರಬೇಕು. ಹೀಗೆ ನಡುವೆ ಅಡಗಿ ಕುಳಿತಿರುವ ಷರತ್ತಿಗೆ ಅವರು ‘ಉಪಾಧಿ’ ಎಂದು ಹೆಸರಿಟ್ಟರು.

ಈ ಲೇಖನದ ವಿಷಯ ನ್ಯಾಯಶಾಸ್ತ್ರವಲ್ಲ, ಮೋಟಾರು ಕಾರು. ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಿನ ಹೊಗೆ ಕೊಳವೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಉಪಕರಣ ಕುಳಿತಿದೆ. ಹೊಗೆಯನ್ನು ನೋಡಿ ಬೆಂಕಿಯ ಸ್ಥಿತಿಯನ್ನು ಅನುಮಾನಿಸುವುದೇ ಅದರ ಉದ್ಯೋಗ. ಅದಕ್ಕೆ ಆಕ್ಸಿಜನ್ ಸೆನ್ಸರು ಎಂದು ಹೆಸರು. ಈ ಸೆನ್ಸರು ಕೆಟ್ಟರೆ ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತುತ್ತದೆ. ಇಲ್ಲಿಯವರೆಗೆ ಸರಿ. ಆದರೆ ‘ದೀಪ ಹತ್ತಿದೆ, ಆದುದರಿಂದ ಸೆನ್ಸರು ಕೆಟ್ಟಿದೆ’ ಎಂದು ಹಿಂದುಮುಂದಾಗಿ ಓದುವವರೇ ಹೆಚ್ಚು. ಆ ತಿರುಗುಮಾತಿಗೆ ತೆರುವ ದಂಡ ಕೆಲವು ಸಾವಿರ ರೂಪಾಯಿಗಳು. ಬಾಡಿಗೆಗೆ ಕಾರು ಓಡಿಸಿ ಸಂಸಾರ ನಡೆಸುವವನಿಗೆ ಇದು ಎರಡು ವಾರದ ಅನ್ನದ ಪ್ರಶ್ನೆ. ಸೆನ್ಸರನ್ನು ಬದಲಿಸುವುದು ಅರ್ಧ ಗಂಟೆಯ ಕೈಕೆಲಸ. ಬದಲಿಸಬೇಕೋ ಬೇಡವೋ ಎಂದು ತಿಳಿಯುವುದು ತಲೆಯ ಕೆಲಸ. ಎರಡನ್ನೂ ಕ್ರಮವಾಗಿ ಹೇಳುವುದು ನನ್ನ ಉದ್ದೇಶ.

೧. ಸೆನ್ಸರಿನ ಪರಿಚಯ

ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತಕ್ಕಷ್ಟು ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೪.೭ ಪಾಲು ಗಾಳಿ. ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾದರೆ ಮಿಶ್ರಣ ‘ರಿಚ್’ ಎನ್ನುತ್ತಾರೆ. ಗಾಳಿ ಹೆಚ್ಚಾದರೆ ‘ಲೀನ್’ ಎನ್ನುತ್ತಾರೆ. ನಮ್ಮ ಮನೆಗಳ ಸೌದೆ ಒಲೆಯನ್ನು ನೋಡಿದವರಿಗೆ ಇದು ಹೊಸದಲ್ಲ. ಸೌದೆಯನ್ನು ಇಡಿಕಿರಿದು ಗಾಳಿಗೆ ದಾರಿ ಇಲ್ಲದಂತೆ ಮಾಡಿದರೆ ಒಲೆ ಹೊಗೆಯುತ್ತದೆ. ಊದುಗೊಳವೆಯಿಂದ ಊದಿದರೆ ಉರಿ ಏಳುತ್ತದೆ.

ಕಾರಿನಲ್ಲಿ ಈ ಪ್ರಮಾಣ ಬಹಳ ಬಿಗಿಯಾಗಿರಬೇಕು. ಅದಕ್ಕೆ ಕಾರಣ ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರು. ಇಂಗಾಲದ ಮಾನಾಕ್ಸೈಡು, ಉರಿಯದೆ ಉಳಿದ ಹೈಡ್ರೋಕಾರ್ಬನ್ನು, ಸಾರಜನಕದ ಆಕ್ಸೈಡುಗಳು, ಈ ಮೂರು ಬಗೆಯ ವಿಷಗಳನ್ನೂ ಅದು ಒಟ್ಟಿಗೆ ತಗ್ಗಿಸಬಲ್ಲದು. ಆದರೆ ಮಿಶ್ರಣ ಮೇಲೆ ಹೇಳಿದ ಪ್ರಮಾಣದ ಹತ್ತಿರದಲ್ಲಿಯೇ ಇದ್ದರೆ ಮಾತ್ರ. ಹಾಗಿರುವಂತೆ ನೋಡಿಕೊಳ್ಳುವ ಹೊಣೆ ಕಾರಿನ ಕಂಪ್ಯೂಟರಿನದು. ಕಂಪ್ಯೂಟರಿಗೆ ಕಣ್ಣಿಲ್ಲ, ಸೆನ್ಸರೇ ಅದರ ಕಣ್ಣು.

ಸೆನ್ಸರಿನ ಒಳಗೆ ಜಿರ್ಕೋನಿಯಂ ಡೈಆಕ್ಸೈಡ್ ಎಂಬ ವಸ್ತುವಿಗೆ ಇಟ್ರಿಯಂ ಆಕ್ಸೈಡನ್ನು ಬೆರೆಸಿ ಮಾಡಿದ ಒಂದು ಪಿಂಗಾಣಿಯ ಬಟ್ಟಲಿದೆ. ಅದರ ಎರಡೂ ಮೈಗೆ ಪ್ಲಾಟಿನಂ ಲೇಪವಿದೆ. ಬಟ್ಟಲಿನ ಹೊರಮೈಗೆ ಹೊಗೆ ತಾಗುತ್ತದೆ. ಒಳಮೈಗೆ ಶೇಕಡ ಸುಮಾರು ೨೧ರಷ್ಟು ಆಮ್ಲಜನಕವಿರುವ ಹೊರಗಿನ ಗಾಳಿ ತಾಗುತ್ತದೆ. ಪಿಂಗಾಣಿ ೩೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾದಾಗ ಅದರ ಮೂಲಕ ಆಮ್ಲಜನಕದ ಅಯಾನುಗಳು ಚಲಿಸಬಲ್ಲವು. ಜಾತ್ರೆಯ ಬೀದಿಯಲ್ಲಿ ಜನ ಕಿಕ್ಕಿರಿದ ಕಡೆಯಿಂದ ಬಯಲಿನ ಕಡೆಗೆ ನುಗ್ಗುವಂತೆ, ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅವು ಒತ್ತುತ್ತವೆ. ಈ ಒತ್ತಡವೇ ವಿದ್ಯುತ್ತಾಗಿ ಕಾಣಿಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಇಲ್ಲವೆಂಬಷ್ಟು ಕಡಿಮೆಯಾದರೆ, ಎಂದರೆ ಮಿಶ್ರಣ ರಿಚ್ ಆದರೆ, ಸುಮಾರು ೦.೯ ವೋಲ್ಟು. ಆಮ್ಲಜನಕ ಉಳಿದಿದ್ದರೆ, ಎಂದರೆ ಲೀನ್ ಆದರೆ, ಸುಮಾರು ೦.೧ ವೋಲ್ಟು. ನಡುವಣ ಗಡಿ ೦.೪೫. ಸೆನ್ಸರು ‘ರಿಚ್’ ಎಂದರೆ ಕಂಪ್ಯೂಟರು ಪೆಟ್ರೋಲು ತಗ್ಗಿಸುತ್ತದೆ. ‘ಲೀನ್’ ಎಂದರೆ ಹೆಚ್ಚಿಸುತ್ತದೆ. ಆದುದರಿಂದ ಆರೋಗ್ಯವಂತ ಸೆನ್ಸರಿನ ವೋಲ್ಟೇಜು ಒಂದೆಡೆ ನಿಲ್ಲದೆ ತೊಟ್ಟಿಲಿನಂತೆ ತೂಗುತ್ತಿರುತ್ತದೆ.

ಎಂಜಿನ್ ಚಾಲೂ ಮಾಡಿದ ಕೂಡಲೆ ಹೊಗೆ ಕೊಳವೆ ತಣ್ಣಗಿರುತ್ತದೆ. ಪಿಂಗಾಣಿ ಬೇಗ ಕಾಯಲೆಂದು ಸೆನ್ಸರಿನೊಳಗೆ ಒಂದು ಸಣ್ಣ ಹೀಟರನ್ನು ಇಟ್ಟಿದ್ದಾರೆ. ಕನ್ವರ್ಟರಿನ ಮುಂದೆ ಒಂದು ಸೆನ್ಸರು, ಹಿಂದೆ ಒಂದು, ಹೀಗೆ ಎರಡಿರುವುದು ಈಗಿನ ವಾಡಿಕೆ. ಮುಂದಿನದು ಮಿಶ್ರಣವನ್ನು ನೋಡಿಕೊಳ್ಳುತ್ತದೆ. ಹಿಂದಿನದು ಮುಖ್ಯವಾಗಿ ಕನ್ವರ್ಟರು ಕೆಲಸ ಮಾಡುತ್ತಿದೆಯೇ ಎಂದು ಕಾಯುತ್ತದೆ. ಕೆಲವು ಹೊಸ ಕಾರುಗಳಲ್ಲಿ ‘ವೈಡ್‌ಬ್ಯಾಂಡ್’ ಎಂಬ ಬೇರೆ ಜಾತಿಯ ಮುಂದಿನ ಸೆನ್ಸರು ಇರುತ್ತದೆ. ಇಲ್ಲಿ ಹೇಳಿದ ವೋಲ್ಟೇಜಿನ ಅಂಕಿಗಳು ಅದಕ್ಕೆ ಅನ್ವಯಿಸುವುದಿಲ್ಲ.

೨. ಅದು ಬಂದ ದಾರಿ

ಆಮ್ಲಜನಕದ ಅಂತರದಿಂದ ಎಷ್ಟು ವೋಲ್ಟೇಜು ಹುಟ್ಟುವುದೆಂದು ಲೆಕ್ಕ ಹಾಕಲು ಬಳಸುವ ಸಮೀಕರಣ ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ಎಂಬ ವಿದ್ವಾಂಸರದು. ಅದು ೧೮೮೯ರಷ್ಟು ಹಳೆಯದು. ೧೯೨೦ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಬಿಸಿಯಾದಾಗ ವಿದ್ಯುತ್ತನ್ನು ಒಯ್ಯುವ ಜಿರ್ಕೋನಿಯಂ ಪಿಂಗಾಣಿಯನ್ನು ಅವರು ದೀಪಕ್ಕಾಗಿ ಬಳಸಿದ್ದರು. ದೀಪ ಮೂಲೆ ಸೇರಿತು, ಪಿಂಗಾಣಿ ಉಳಿಯಿತು.

ಎರಡನೆಯ ಮಹಾಯುದ್ಧದ ಕಾಲದಿಂದ ಅಮೆರಿಕೆಯ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಹೊಗೆಮಂಜು ಕಾಡತೊಡಗಿತು. ಕಾರುಗಳ ಹೊಗೆಗೆ ಬಿಸಿಲು ತಗುಲಿ ಅದು ಹುಟ್ಟುತ್ತದೆಂದು ಆರಿ ಹಾಗನ್‌ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು ೧೯೫೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯದ ಕಾನೂನುಗಳು ಬಿಗಿಯಾದವು. ಕೊನೆಗೆ ೧೯೭೬ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಸೆನ್ಸರು ಸ್ವೀಡನ್ನಿನ ವೋಲ್ವೋ ಕಾರುಗಳಲ್ಲಿ ಅಳವಡಿಕೆಯಾಗಿ ಅಮೆರಿಕೆಯ ಮಾರುಕಟ್ಟೆಗೆ ಬಂದಿತು.

ನಮ್ಮ ದೇಶದಲ್ಲಿ ೧೯೯೫ರಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರು ಕಡ್ಡಾಯವಾಯಿತು. ಸೀಸ ಬೆರೆತ ಪೆಟ್ರೋಲು ಕನ್ವರ್ಟರನ್ನೂ ಸೆನ್ಸರನ್ನೂ ಕೊಲ್ಲುತ್ತದೆ. ೨೦೦೦ದಲ್ಲಿ ಅದು ದೇಶದಾದ್ಯಂತ ನಿಂತಿತು. ಭಾರತ್ ಸ್ಟೇಜ್ ನಾಲ್ಕರ ನಿಯಮಗಳು ೨೦೧೦ರಲ್ಲಿ ಬೆಂಗಳೂರು ಸೇರಿದಂತೆ ಕೆಲವು ನಗರಗಳಿಗೂ ೨೦೧೭ರಲ್ಲಿ ಇಡೀ ದೇಶಕ್ಕೂ ಬಂದವು. ೨೦೨೦ರ ಏಪ್ರಿಲಿನಲ್ಲಿ ಸ್ಟೇಜ್ ಆರು ಬಂದಿತು. ಈ ನಿಯಮಗಳ ಜೊತೆಯಲ್ಲಿಯೇ ಕಾರು ತನ್ನ ರೋಗವನ್ನು ತಾನೇ ಬರೆದಿಟ್ಟುಕೊಳ್ಳುವ ಓ.ಬಿ.ಡಿ. ಎಂಬ ಏರ್ಪಾಡೂ ಬಂದಿತು. ಸ್ಟಿಯರಿಂಗಿನ ಕೆಳಗೆ ಹದಿನಾರು ತೂತುಗಳ ಒಂದು ಗೂಡಿರುತ್ತದೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ಗಾತ್ರದ ಸ್ಕ್ಯಾನರನ್ನು ಸಿಕ್ಕಿಸಿದರೆ ಕಾರಿನ ಟಿಪ್ಪಣಿಯನ್ನು ನಮ್ಮ ಮೊಬೈಲಿನಲ್ಲಿಯೇ ಓದಬಹುದು. ಇಂತಹ ಸ್ಕ್ಯಾನರು ಸಾವಿರ ರೂಪಾಯಿಗೂ ಕಡಿಮೆ ಬೆಲೆಗೆ ದೊರಕುತ್ತದೆ. ವೈದ್ಯನ ಬಳಿಯಿದ್ದ ನಾಡಿಪರೀಕ್ಷೆ ಮನೆಯವರ ಕೈಗೆ ಬಂದಂತಾಯಿತು.

ಇನ್ನೊಂದು ಮಾತು. ೨೦೨೫ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡ ೨೦ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ಸಾಮಾನ್ಯವಾಗಿದೆ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿರುವುದರಿಂದ ಈ ಇಂಧನಕ್ಕೆ ಬೇಕಾದ ಗಾಳಿ ೧೪.೭ ಪಾಲಲ್ಲ, ಸುಮಾರು ೧೩.೫ ಪಾಲು. ಚಾಲಕನಿಗೆ ತಿಳಿಸದೆಯೇ ಸೆನ್ಸರು ಹೊಗೆಯನ್ನು ನೋಡಿ ಕಂಪ್ಯೂಟರಿನ ಲೆಕ್ಕವನ್ನು ತಿದ್ದುತ್ತದೆ. ಈ ಪುಟ್ಟ ಉಪಕರಣದ ಉಪಕಾರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

೩. ಸಾಕ್ಷಿ ಏನನ್ನು ಬಲ್ಲದು?

ನ್ಯಾಯಾಲಯದಲ್ಲಿ ಸಾಕ್ಷಿ ತಾನು ಕಂಡದ್ದನ್ನು ಮಾತ್ರ ಹೇಳಬೇಕು. ಸೆನ್ಸರು ಕಾಣುವುದು ಆಮ್ಲಜನಕವೊಂದನ್ನೇ. ಪೆಟ್ರೋಲು ಅದಕ್ಕೆ ಕಾಣುವುದಿಲ್ಲ. ಇದನ್ನು ಮರೆತರೆ ದಾರಿ ತಪ್ಪುತ್ತದೆ.

ಒಂದು ಸಿಲಿಂಡರಿನ ಪ್ಲಗ್ಗು ಕಿಡಿ ಕೊಡುತ್ತಿಲ್ಲವೆಂದು ಭಾವಿಸೋಣ. ಒಳಹೋದ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೆಯೇ ಹೊರಬರುತ್ತವೆ. ಆ ಗಾಳಿಯಲ್ಲಿನ ಆಮ್ಲಜನಕವನ್ನು ಕಂಡು ಸೆನ್ಸರು ‘ಲೀನ್’ ಎಂದು ಕೂಗುತ್ತದೆ. ಪೆಟ್ರೋಲು ದಂಡವಾಗಿ ಹೋಗುತ್ತಿರುವಾಗ ಇನ್ನಷ್ಟು ಪೆಟ್ರೋಲು ಬೇಕೆಂಬ ಆಜ್ಞೆ ಹೊರಡುತ್ತದೆ! ಹೊಗೆ ಕೊಳವೆಯಲ್ಲಿ ಸೆನ್ಸರಿಗಿಂತ ಮುಂಚೆ ಬಿರುಕಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಅದೇ ಪರಿಣಾಮವಾಗುತ್ತದೆ. ಎರಡು ಸಂದರ್ಭಗಳಲ್ಲಿಯೂ ಸಾಕ್ಷಿ ಸುಳ್ಳು ಹೇಳಿಲ್ಲ, ಕಂಡದ್ದನ್ನೇ ಹೇಳಿದೆ.

ಸ್ಕ್ಯಾನರಿನಲ್ಲಿ ಕಾಣುವ ಸಂಕೇತಗಳನ್ನು ಈ ದೃಷ್ಟಿಯಿಂದ ಎರಡು ಗುಂಪು ಮಾಡಬೇಕು. ಮೊದಲನೆಯದು ಸಾಕ್ಷಿಯ ಹೇಳಿಕೆ. ‘ಪಿ ೦೧೭೧’ ಎಂದರೆ ಮಿಶ್ರಣ ಲೀನ್ ಆಗಿದೆ. ‘ಪಿ ೦೧೭೨’ ಎಂದರೆ ರಿಚ್ ಆಗಿದೆ. ‘ಪಿ ೦೪೨೦’ ಎಂದರೆ ಕನ್ವರ್ಟರಿನ ಕೆಲಸ ಸಾಲದು. ಇಲ್ಲಿ ದೋಷ ಬೇರೆಲ್ಲಿಯೋ ಇರುವ ಸಂಭವವೇ ಹೆಚ್ಚು. ಎರಡನೆಯದು ಸಾಕ್ಷಿಯ ಸ್ವಂತ ಅನಾರೋಗ್ಯದ ವರದಿ. ‘ಪಿ ೦೧೩೫’ ಎಂದರೆ ಮುಂದಿನ ಸೆನ್ಸರಿನ ಹೀಟರಿನ ಮಂಡಲದಲ್ಲಿ ದೋಷ. ‘ಪಿ ೦೧೪೧’ ಎಂದರೆ ಹಿಂದಿನದರ ಹೀಟರಿನದು. ಇಲ್ಲಿಯೂ ದೋಷ ಸೆನ್ಸರಿನಲ್ಲಿರಬಹುದು, ವೈರಿನಲ್ಲಿರಬಹುದು, ಫ್ಯೂಸಿನಲ್ಲಿರಬಹುದು. ಮೊದಲ ಗುಂಪಿನ ಸಂಕೇತವನ್ನು ಎರಡನೆಯದೆಂದು ಓದುವುದೇ ದಂಡ ತೆರುವ ರಾಜಮಾರ್ಗ.

೪. ಒಂದೇ ದೀಪ, ಎರಡು ಸತ್ಯ

ನನ್ನ ಸೋದರಮಾವ ೨೦೧೪ನೆಯ ಇಸವಿಯ ಒಂದು ಪೆಟ್ರೋಲ್ ಕಾರನ್ನು ಊರಿನಿಂದ ಪೇಟೆಗೆ ಬಾಡಿಗೆಗೆ ಓಡಿಸುತ್ತಾರೆ. ಆಸ್ಪತ್ರೆ, ಮದುವೆ, ಕೋರ್ಟು ಕಚೇರಿ, ಎಲ್ಲಕ್ಕೂ ಊರಿಗೆ ಅದೊಂದೇ ಕಾರು. ೨೦೨೪ರ ಮಳೆಗಾಲದಲ್ಲಿ ಅದರ ಹಳದಿ ದೀಪ ಹತ್ತಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಆಕ್ಸಿಜನ್ ಸೆನ್ಸರು ಹೋಗಿದೆಯೆಂದೂ ಬದಲಿಸಲು ಐದೂವರೆ ಸಾವಿರ ಆಗುವುದೆಂದೂ ಹೇಳಿದರು. ಮಾವ ಒಪ್ಪಿಕೊಳ್ಳುವ ಮುನ್ನ ಮನೆಗೆ ಬಂದು ನನ್ನನ್ನು ಕೇಳಿದರು. ಕಾರಿನ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಮ್ಮ ಮನೆತನದಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಆದರೆ ನಟ್ಟು ಬೋಲ್ಟುಗಳ ಭಾಷೆ ನನಗೆ ಬಾರದು, ಅದು ಮಾವನದು.

ಸ್ಕ್ಯಾನರನ್ನು ತರಿಸಿ ನೋಡಿದೆವು. ಇದ್ದ ಸಂಕೇತ ಪಿ ೦೧೭೧, ಹೇಳಿಕೆಯ ಗುಂಪಿನದು. ಮೊದಲು ಸಾಕ್ಷಿ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಿದೆವು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತಿದರೆ ಮಿಶ್ರಣ ರಿಚ್ ಆಗಿ ವೋಲ್ಟೇಜು ಮೇಲೇರಬೇಕು. ಬಿಟ್ಟರೆ ಪೆಟ್ರೋಲು ನಿಂತು ಕೆಳಗಿಳಿಯಬೇಕು. ಒತ್ತಿದಾಗ ೦.೮೫ಕ್ಕೆ ಏರಿತು, ಬಿಟ್ಟಾಗ ೦.೧ಕ್ಕೂ ಕೆಳಗೆ ಇಳಿಯಿತು. ಸಾಕ್ಷಿಗೆ ಜೀವವಿತ್ತು.

ಮುಂದೆ ‘ಫ್ಯುಯಲ್ ಟ್ರಿಮ್’ ಎಂಬ ಅಂಕಿಯನ್ನು ನೋಡಿದೆವು. ಕಂಪ್ಯೂಟರು ಲೆಕ್ಕಕ್ಕಿಂತ ಶೇಕಡ ಎಷ್ಟು ಪೆಟ್ರೋಲನ್ನು ಹೆಚ್ಚು ಅಥವಾ ಕಡಿಮೆ ಸುರಿಯುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಸುಮ್ಮನೆ ನಿಂತು ಓಡುವಾಗ ಅದು ಶೇಕಡ ೨೨ರಷ್ಟು ಹೆಚ್ಚಿತ್ತು. ನಿಮಿಷಕ್ಕೆ ೨೫೦೦ ಸುತ್ತಿಗೆ ಏರಿಸಿದಾಗ ೬ಕ್ಕೆ ಇಳಿಯಿತು. ಇದರ ಅರ್ಥ ಸ್ಪಷ್ಟ. ಎಲ್ಲಿಯೋ ಕಳ್ಳದಾರಿಯಿಂದ ಸ್ವಲ್ಪ ಗಾಳಿ ಒಳಗೆ ನುಗ್ಗುತ್ತಿದೆ. ಎಂಜಿನ್ನು ಕಡಿಮೆ ಉಸಿರಾಡುವಾಗ ಆ ಕಳ್ಳಗಾಳಿ ದೊಡ್ಡ ಪಾಲು. ಹೆಚ್ಚು ಉಸಿರಾಡುವಾಗ ಸಣ್ಣ ಪಾಲು. ಪೆಟ್ರೋಲ್ ಪಂಪು ದುರ್ಬಲವಾಗಿದ್ದರೆ ಲೆಕ್ಕ ತಿರುವುಮುರುವಾಗಿರುತ್ತಿತ್ತು.

ಬಾನೆಟ್ಟು ಎತ್ತಿ ಕಿವಿಗೊಟ್ಟರೆ ಸಣ್ಣಗೆ ‘ಸ್ಸ್’ ಎಂಬ ಸದ್ದು ಕೇಳಿಸಿತು. ಎಂಜಿನ್ನಿನ ತಲೆಯಿಂದ ಗಾಳಿ ಒಳಹೋಗುವ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪಿನ ಬಾಗಿನಲ್ಲಿ, ಕೆಳಮೈಯಲ್ಲಿ, ಬಿರುಕು ಬಿಟ್ಟಿತ್ತು. ಮಾವ ಅದನ್ನು ಇಕ್ಕಳದಿಂದ ಒತ್ತಿ ಹಿಡಿದ ಕೂಡಲೆ ಎಂಜಿನ್ನಿನ ನಾದ ಬದಲಾಯಿತು, ಟ್ರಿಮ್ಮಿನ ಅಂಕಿ ಇಳಿಯತೊಡಗಿತು. ಹೊಸ ಪೈಪಿನ ಬೆಲೆ ನೂರಾ ಎಂಬತ್ತು ರೂಪಾಯಿ. ಗ್ಯಾರೇಜಿನವರು ಮೋಸ ಮಾಡಹೊರಟರೆಂದು ನಾನು ಹೇಳುವುದಿಲ್ಲ. ಹೊತ್ತು ಹೋಗದೆ ಹತ್ತು ಕಾರು ಮುಗಿಸಬೇಕಾದವರಿಗೆ ಉಪಾಧಿಯನ್ನು ಹುಡುಕಲು ಪುರುಸೊತ್ತೆಲ್ಲಿ?

ಮರುವರ್ಷ, ೨೦೨೫ರ ಬೇಸಗೆಯಲ್ಲಿ, ಅದೇ ದೀಪ ಮತ್ತೆ ಹತ್ತಿತು. ಮೈಲೇಜು ಲೀಟರಿಗೆ ಹದಿನೇಳರಿಂದ ಹದಿನಾಲ್ಕಕ್ಕೆ ಇಳಿದಿತ್ತು. ಈ ಸಲ ಸಂಕೇತ ಪಿ ೦೧೩೫; ಸಾಕ್ಷಿಯ ಸ್ವಂತ ಅನಾರೋಗ್ಯ. ಫ್ಯೂಸು ಸರಿಯಾಗಿತ್ತು. ಎಂಜಿನ್ ನಿಲ್ಲಿಸಿ ಸೆನ್ಸರಿನ ಕಪ್ಲರನ್ನು ಬಿಡಿಸಿ, ಕೀಲಿ ತಿರುಗಿಸಿ ಕಾರಿನ ಕಡೆಯ ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ ೧೨ ವೋಲ್ಟು ಬರುತ್ತಿತ್ತು. ವೈರೂ ಸರಿ. ಸೆನ್ಸರಿನ ಕಡೆಯ ನಾಲ್ಕು ವೈರುಗಳಲ್ಲಿ ಒಂದೇ ಬಣ್ಣದ ಎರಡು ಹೀಟರಿನವು; ಬಹುಮಟ್ಟಿಗೆ ಅವು ಬಿಳಿಯವು. ಅವುಗಳ ನಡುವೆ ಅಳೆದರೆ ಬದುಕಿರುವ ಹೀಟರು ಕೆಲವೇ ಓಮುಗಳ ನಿರೋಧ ತೋರಿಸಬೇಕು. ಇಲ್ಲಿ ಏನೂ ತೋರಿಸಲಿಲ್ಲ. ಒಳಗಿನ ತಂತಿ ಕಡಿದಿತ್ತು. ಇಷ್ಟಾದ ಮೇಲೆಯೇ ‘ಸೆನ್ಸರು ಕೆಟ್ಟಿದೆ’ ಎನ್ನುವ ಅಧಿಕಾರ ನಮಗೆ ಬಂದಿತು. ಉಳಿದೆರಡು ವೈರುಗಳು ಪಿಂಗಾಣಿಯವು. ಅವುಗಳ ಮೇಲೆ ನಿರೋಧ ಅಳೆಯಬಾರದು, ಮೀಟರಿನ ವಿದ್ಯುತ್ತು ಸೆನ್ಸರಿಗೆ ಕೆಡುಕು.

೫. ಬದಲಿಸುವ ಕ್ರಮ

ಬೇಕಾಗುವ ಸಾಮಾನು: ಕಾರಿನ ಮಾದರಿಗೆ ಹೊಂದುವ ಸೆನ್ಸರು, ೨೨ ಮಿಲಿಮೀಟರಿನ ಸ್ಪ್ಯಾನರು ಅಥವಾ ವೈರು ಹಾಯಲು ಪಕ್ಕದಲ್ಲಿ ಸೀಳಿರುವ ಸೆನ್ಸರ್ ಸಾಕೆಟ್ಟು, ತುಕ್ಕು ಬಿಡಿಸುವ ಎಣ್ಣೆ, ದಪ್ಪ ಕೈಗವಸು. ಬಹುತೇಕ ಸೆನ್ಸರುಗಳ ಥ್ರೆಡ್ಡು ೧೮ ಮಿಲಿಮೀಟರಿನದು. ಬೇರೆ ಅಳತೆಯವೂ ಉಂಟು. ಆದುದರಿಂದ ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಹೆಸರಿಲ್ಲದ ಅಗ್ಗದ ಮಾಲು ಬೇಡ; ಸುಳ್ಳುಸಾಕ್ಷಿಯನ್ನು ದುಡ್ಡು ಕೊಟ್ಟು ತಂದಂತಾಗುತ್ತದೆ.

ಮೊದಲು ಪ್ರಾಣದ ಮಾತು. ಎಂಜಿನ್ ಓಡಿಸಿ ನೋಡುವ ಪರೀಕ್ಷೆಗಳನ್ನೆಲ್ಲ ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಷೆಡ್ಡಿನಲ್ಲಿ ಇಂಗಾಲದ ಮಾನಾಕ್ಸೈಡು ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕರುಣೆಯೂ ಇಲ್ಲ. ಕಾರಿನ ಕೆಳಗೆ ಹೋಗಬೇಕಾದರೆ ಬರೀ ಜಾಕಿನ ಮೇಲೆ ನಂಬಿಕೆಯಿಡಬಾರದು; ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ನಮ್ಮ ಕಾರಿನಲ್ಲಿ ಮುಂದಿನ ಸೆನ್ಸರು ಬಾನೆಟ್ಟಿನ ಕೆಳಗೇ ಕೈಗೆ ಸಿಕ್ಕುವಂತಿತ್ತು.

ಹಿಂದಿನ ರಾತ್ರಿ ಎಂಜಿನ್ ತಣ್ಣಗಿರುವಾಗ ಸೆನ್ಸರಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಸ್ವಲ್ಪ ಹಾಕಬೇಕು. ಕಾದ ಕೊಳವೆಯ ಮೇಲೆ ಹಾಕಿದರೆ ಬೆಂಕಿಯ ಭಯವಿದೆ. ಬೆಳಗ್ಗೆ ಕೆಲವೇ ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಗವಸು ತೊಟ್ಟ ಕೈ ತಡೆಯುವಷ್ಟು ಆರಲು ಬಿಡಬೇಕು. ಬೆಚ್ಚಗಿನ ಲೋಹ ತಣ್ಣನೆಯದಕ್ಕಿಂತ ಸುಲಭವಾಗಿ ಸಡಿಲುತ್ತದೆ. ಬ್ಯಾಟರಿಯ ಮೈನಸ್ ತುದಿಯನ್ನು ಬಿಚ್ಚಿ, ಕಪ್ಲರಿನ ಹಿಡಿಯನ್ನು ಒತ್ತಿ ಬಿಡಿಸಬೇಕು. ವೈರನ್ನು ಹಿಡಿದು ಎಳೆಯಬಾರದು.

ಸೆನ್ಸರು ಎಡಕ್ಕೆ ತಿರುಗಿ ಸಡಿಲುತ್ತದೆ. ನಾನು ಮೊಬೈಲಿನಲ್ಲಿ ಕೈಪಿಡಿ ಓದುತ್ತಿದ್ದೆ. ಮಾವ ಸ್ಪ್ಯಾನರು ಹಿಡಿದಿದ್ದರು. ಅದು ಅಲುಗಲಿಲ್ಲ.

‘ಏನೋ ಅಳಿಯ, ನಿನ್ನ ಪುಸ್ತಕದಾಗೆ ಬರೆದಿರೋದು ಈ ಬೋಲ್ಟಿಗೆ ಗೊತ್ತೇನೋ?’ ಎಂದರು ಮಾವ.

‘ವೈರು ಕತ್ತರಿಸಿಬಿಡಿ ಮಾವ, ಹೇಗೂ ಇದು ಸತ್ತದ್ದು. ಆಮೇಲೆ ಮೇಲಿಂದ ರಿಂಗ್ ಸ್ಪ್ಯಾನರು ಕೂರುತ್ತೆ’ ಎಂದೆ.

ತೆರೆದ ಬಾಯಿಯ ಸ್ಪ್ಯಾನರು ಮೂಲೆಗಳನ್ನು ಸವೆಸುತ್ತದೆ. ರಿಂಗ್ ಸ್ಪ್ಯಾನರು ಆರೂ ಮೂಲೆಗಳನ್ನು ಹಿಡಿಯುತ್ತದೆ. ಹಳೆಯದನ್ನು ಎಸೆಯುವುದು ಖಚಿತವಾದಾಗ ಮಾತ್ರ ಈ ಉಪಾಯ. ಮಾವ ಒಂದೇ ಸಮನೆ ಜಗ್ಗದೆ, ಸ್ವಲ್ಪ ಬಿಚ್ಚಿ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಎಣ್ಣೆ ಹಾಕಿ ಬಿಡಿಸಿದರು. ಈ ತಾಳ್ಮೆ ಯಾವ ಕೈಪಿಡಿಯಲ್ಲಿಯೂ ಇರಲಿಲ್ಲ. ಬಲವಂತ ಮಾಡಿದರೆ ಕೊಳವೆಯ ಥ್ರೆಡ್ಡೇ ಕಿತ್ತುಬರುತ್ತದೆ. ಆಗ ನಿಜವಾಗಿಯೂ ಗ್ಯಾರೇಜಿಗೆ ಹೋಗಬೇಕಾಗುತ್ತದೆ.

ಹೊರಬಂದ ಸೆನ್ಸರಿನ ತುದಿಯನ್ನು ನೋಡದೆ ಎಸೆಯಬಾರದು. ಒಣ ಕಪ್ಪು ಮಸಿ ಹಿಡಿದಿದ್ದರೆ ಮಿಶ್ರಣ ರಿಚ್. ಎಣ್ಣೆಜಿಡ್ಡಿದ್ದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಬಿಳಿಯ ಪುಡಿ ಕಟ್ಟಿದ್ದರೆ ಕೂಲೆಂಟು ಸೋರುತ್ತಿರಬಹುದು, ಅಥವಾ ಸಿಲಿಕೋನ್ ಅಂಟಿನ ವಿಷ ತಗುಲಿರಬಹುದು. ಮೂಲ ಕಾರಣವನ್ನು ಬಿಟ್ಟು ಸೆನ್ಸರನ್ನಷ್ಟೇ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ನಮ್ಮದರ ತುದಿ ಬೂದುಗಂದು ಬಣ್ಣವಿತ್ತು. ಹತ್ತು ವರ್ಷ ದುಡಿದು ವಯಸ್ಸಾಗಿ ತೀರಿಕೊಂಡಿತ್ತೇ ಹೊರತು ವಿಷದಿಂದಲ್ಲ.

ಹೊಸ ಸೆನ್ಸರಿನ ತುದಿಯನ್ನು ಬೆರಳಿನಿಂದ ಮುಟ್ಟಬಾರದು, ನೆಲಕ್ಕೆ ಬೀಳಿಸಬಾರದು, ಒಳಗಿರುವುದು ಪಿಂಗಾಣಿ. ಥ್ರೆಡ್ಡು ಮುಂದೆ ಹಿಡಿದುಕೊಳ್ಳದಂತೆ ಕಾಯುವ ಲೇಪವನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಸವರಿರುತ್ತಾರೆ. ಇಲ್ಲದಿದ್ದರೆ ಸೆನ್ಸರಿಗೆಂದೇ ಮಾರುವ ಲೇಪವನ್ನು ಥ್ರೆಡ್ಡಿಗೆ ಮಾತ್ರ ಸವರಬೇಕು, ತುದಿಗೆ ತಾಗಕೂಡದು. ಮೊದಲು ಬರಿಗೈಯಲ್ಲಿಯೇ ತಿರುಗಿಸಿ ನೇರವಾಗಿ ಕೂತಿದೆಯೇ ನೋಡಿ, ಆಮೇಲೆ ಸ್ಪ್ಯಾನರು ಹಾಕಬೇಕು. ಬಿಗಿತದ ಪ್ರಮಾಣಕ್ಕೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ. ೧೮ ಮಿಲಿಮೀಟರಿನದಕ್ಕೆ ಸಾಮಾನ್ಯವಾಗಿ ೪೫ ನ್ಯೂಟನ್ ಮೀಟರಿನ ಆಸುಪಾಸು. ಕಾಲು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು ಹದಿನೆಂಟು ಕಿಲೋ ತೂಗಿಬಿಟ್ಟಷ್ಟು ಬಲ ಅದು. ಹೊಸ ಸೆನ್ಸರಿನ ವೈರನ್ನು ಕಾದ ಕೊಳವೆಗೆ ತಾಗದಂತೆ, ಹಳೆಯದು ಹಾದ ದಾರಿಯಲ್ಲಿಯೇ ಹಾಯಿಸಿ ಕಪ್ಲರು ಸಿಕ್ಕಿಸಬೇಕು. ಕೆಲವು ಸೆನ್ಸರುಗಳು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಒಳಗೆಳೆದುಕೊಳ್ಳುವುದರಿಂದ ವೈರನ್ನು ಬೆಸುಗೆ ಹಾಕಿ ಮುಚ್ಚುವುದು ಸಲ್ಲದು.

ಬ್ಯಾಟರಿ ಜೋಡಿಸಿ, ಸ್ಕ್ಯಾನರಿನಿಂದ ಹಳೆಯ ಸಂಕೇತವನ್ನು ಅಳಿಸಿ, ಎಂಜಿನ್ ಚಾಲೂ ಮಾಡಬೇಕು. ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಅಳಿಸಿದ ದೀಪ ಆರಿದ್ದೇ ವಾಸಿಯಾದ ಗುರುತಲ್ಲ. ಕೆಲವು ದಿನ ಓಡಿಸಿ, ಕಂಪ್ಯೂಟರು ತನ್ನ ಪರೀಕ್ಷೆಗಳನ್ನು ತಾನೇ ಮುಗಿಸಿದ ಮೇಲೆಯೂ ಸಂಕೇತ ಮರಳದಿದ್ದರೆ ಆಗ ನಂಬಬಹುದು. ನಮ್ಮ ಕಾರಿನ ಸಂಕೇತ ಮರಳಲಿಲ್ಲ. ಮೈಲೇಜು ಎರಡು ವಾರದಲ್ಲಿ ಹದಿನೇಳರ ಹತ್ತಿರಕ್ಕೆ ಬಂದಿತು. ಸೆನ್ಸರಿಗೆ ಕೊಟ್ಟದ್ದು ಎರಡು ಸಾವಿರದ ಒಂಬೈನೂರು ರೂಪಾಯಿ.

ಮನೆಯಲ್ಲಿ ಕೈಹಾಕಬಾರದ ಸಂದರ್ಭಗಳೂ ಇವೆ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯವರ ಸರ್ವಿಸಿಗೇ ಒಯ್ಯಬೇಕು. ದೀಪ ಸ್ಥಿರವಾಗಿ ಉರಿಯದೆ ಮಿಣುಕುತ್ತಿದ್ದರೆ ಸಿಲಿಂಡರು ತಪ್ಪಿ ಉರಿಯುತ್ತಿದೆ ಎಂದರ್ಥ. ಉರಿಯದ ಪೆಟ್ರೋಲು ಕನ್ವರ್ಟರಿನಲ್ಲಿ ಹೊತ್ತಿಕೊಂಡು ಅದನ್ನು ಸುಡುತ್ತದೆ. ಆಗ ಓಡಿಸುವುದನ್ನೇ ನಿಲ್ಲಿಸಬೇಕು.

೬. ಉಪಸಂಹಾರ

ಎರಡು ಸಲವೂ ದೀಪ ಒಂದೇ, ಕಾರು ಒಂದೇ, ಹೆಸರು ಕೇಳಿಬಂದ ಸೆನ್ಸರೂ ಒಂದ. ಒಮ್ಮೆ ಅದು ನಿರ್ದೋಷಿ, ಇನ್ನೊಮ್ಮೆ ದೋಷಿ. ಎರಡನ್ನೂ ಬೇರ್ಪಡಿಸಿದ್ದು ದುಬಾರಿಯ ಯಂತ್ರವಲ್ಲ, ನಾಲ್ಕು ಅಂಕಿಗಳನ್ನು ಸಮಾಧಾನದಿಂದ ಓದಿದ ಕ್ರಮ. ‘ಅಪಾಯ ಬಂದಿದೆ’ ಎಂದು ಕೂಗಿದವನನ್ನೇ ಹಿಡಿದು ದಂಡಿಸುವ ಪದ್ಧತಿ ಕಾರಿನಲ್ಲಿ ಮಾತ್ರವಿಲ್ಲ. ಆ ವಿಚಾರವನ್ನು ರಾಜ್ಯಶಾಸ್ತ್ರದ ಮಿತ್ರರಿಗೆ ಬಿಡುತ್ತೇನೆ.

ನಮ್ಮ ಕಾಲೇಜಿನಲ್ಲಿ ಕಲಿತ ತರ್ಕ ಪರೀಕ್ಷೆಯ ಹಾಳೆಗೆ ಮಾತ್ರ ಉಪಯೋಗವೆಂದು ತಿಳಿದವರುಂಟು. ಕೈಕೆಲಸದವರಿಗೆ ಓದು ಬೇಡವೆಂದು ತಿಳಿದವರೂ ಉಂಟು. ಊರಿನ ಪ್ರತಿ ಮನೆಯಲ್ಲಿಯೂ ಸ್ಪ್ಯಾನರು ಹಿಡಿಯಬಲ್ಲ ಒಬ್ಬರಿದ್ದಾರೆ. ಈಗ ಕೆಲವು ಮನೆಗಳಲ್ಲಿ ಕೈಪಿಡಿ ಓದಬಲ್ಲ ಒಬ್ಬರೂ ಇದ್ದಾರೆ. ಇಬ್ಬರೂ ಒಂದೇ ಬಾನೆಟ್ಟಿನ ಮೇಲೆ ಬಾಗಿದರೆ ಹಲವು ಸಂಸಾರಗಳ ಹಣ ಉಳಿಯುತ್ತದೆ. ದೀಪ ಹತ್ತಿದಾಗ ಮೊದಲು ಸಾಕ್ಷಿಯನ್ನು ಕೇಳಿರಿ. ಸಾಕ್ಷಿಯೇ ಅಸ್ವಸ್ಥವೆಂದು ಪರೀಕ್ಷೆಯಿಂದ ಸಿದ್ಧವಾದ ಮೇಲೆ ಸ್ಪ್ಯಾನರು ಎತ್ತಿಕೊಳ್ಳಿರಿ.